ಕಾಯಿಸುವ ಮುನ್ನ ಹೊದಿಸಿ: ಚಳಿಗಾಲದಲ್ಲಿ ಮನೆಯ ಈಜುಕೊಳ

ಡಿಸೆಂಬರ್, ಜನವರಿ ತಿಂಗಳಲ್ಲಿ ಬೆಂಗಳೂರಿನ ರಾತ್ರಿಯ ಉಷ್ಣಾಂಶ ಸರಾಸರಿ 15–16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ, ಮಧ್ಯಾಹ್ನ 27ರ ಆಸುಪಾಸಿಗೆ ಏರುತ್ತದೆ. ಈ ಊರು ದಾಖಲೆಯಲ್ಲಿ ಕಂಡ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಜಗತ್ತಿನ ಬಹುಪಾಲು ಊರುಗಳಿಗೆ ಹೋಲಿಸಿದರೆ ಇದು ಚಳಿಯೇ ಅಲ್ಲ. ಆದರೂ ವೈಟ್‌ಫೀಲ್ಡ್, ಸರ್ಜಾಪುರ, ಯಲಹಂಕ, ದೇವನಹಳ್ಳಿ ಕಡೆ ವಿಲ್ಲಾಗಳ ಹಿತ್ತಲಲ್ಲಿ ತೋಡಿಸಿದ ಈಜುಕೊಳಗಳಿಗೆ ನವೆಂಬರ್ ಕಳೆಯುತ್ತಿದ್ದಂತೆ ಇಳಿಯುವವರು ಕಡಿಮೆಯಾಗುತ್ತಾರೆ. ನೀರು 20ರಿಂದ 22 ಡಿಗ್ರಿಯಲ್ಲಿ ನಿಂತುಬಿಡುತ್ತದೆ. ಪಂಪು ಓಡುತ್ತಿರುತ್ತದೆ, ಕ್ಲೋರಿನ್ ಬೀಳುತ್ತಿರುತ್ತದೆ, ವಾರಕ್ಕೊಮ್ಮೆ ತಳ ಗುಡಿಸುವವರೂ ಬಂದು ಹೋಗುತ್ತಾರೆ. ಈಜುವವರು ಮಾತ್ರ ಇರುವುದಿಲ್ಲ.

21 ಡಿಗ್ರಿಯ ಗಾಳಿಯಲ್ಲಿ ಹತ್ತಿಯ ಅಂಗಿ ತೊಟ್ಟು ಹಾಯಾಗಿ ಅಡ್ಡಾಡುವವರು 21 ಡಿಗ್ರಿಯ ನೀರಿಗೆ ಇಳಿದರೆ ಹಲ್ಲು ಕಟಕಟ ಎನ್ನುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ ಮೈಯ ಬಿಸಿ ಬೇಗ ಹೊರಟುಹೋಗುತ್ತದೆ. ಚಿಕ್ಕ ಮಕ್ಕಳಿಗೆ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡದು. ಅಂತರರಾಷ್ಟ್ರೀಯ ಸ್ಪರ್ಧೆಗಳ ಕೊಳಗಳಲ್ಲಿ ನೀರು 25ರಿಂದ 28 ಡಿಗ್ರಿಯ ಒಳಗಿರಬೇಕೆಂಬ ನಿಯಮವಿದೆ. ಅದು ಬಿಡುವಿಲ್ಲದೆ ಕೈಕಾಲು ಆಡಿಸುವವರ ಲೆಕ್ಕ. ನಿಧಾನವಾಗಿ ಈಜುವವರಿಗೆ, ಕಲಿಯುವ ಮಕ್ಕಳಿಗೆ 28 ಹಿತ. ಮಂಡಿನೋವು, ಸಂಧಿವಾತ ಇರುವ ಹಿರಿಯರಿಗೆ ನೀರಿನಲ್ಲಿ ವ್ಯಾಯಾಮ ಮಾಡಿಸುವ ಚಿಕಿತ್ಸಾ ಕೊಳಗಳಲ್ಲಿ 33–35 ಡಿಗ್ರಿವರೆಗೂ ಇರುತ್ತದೆ. ಮನೆಯ ಕೊಳಕ್ಕೆ 27–28 ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಅದರ ಮೇಲೆ ಒಂದೊಂದು ಡಿಗ್ರಿ ಏರಿಸಲೂ ಖರ್ಚು ಹೇಗೆ ಬೆಳೆಯುತ್ತದೆಂಬುದು ಮುಂದೆ ತಿಳಿಯುತ್ತದೆ.

ಕೊಳ ಬೆಚ್ಚಗಾಗಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ಹೀಟರ್ ಕೊಳ್ಳಬೇಕು, ಎಷ್ಟು ಕಿಲೋವ್ಯಾಟ್‌ನದು ಎಂದು. ಮಾರುವವರೂ ಅಲ್ಲಿಂದಲೇ ಮಾತು ಶುರು ಮಾಡುತ್ತಾರೆ. ಪ್ರಶ್ನೆಯನ್ನು ಹಿಂದುಮುಂದಾಗಿ ಹಿಡಿದದ್ದರಿಂದಲೇ ಮನೆಯ ಕೊಳ ಕಾಯಿಸುವುದೆಂದರೆ ದುಡ್ಡು ಸುಡುವ ಶೋಕಿ ಎಂಬ ಹೆಸರು ಬಂದಿದೆ. ಬಿಸಿ ಎಲ್ಲಿಂದ ತರುವುದು ಎಂಬುದಕ್ಕಿಂತ ಮೊದಲು ಬಿಸಿ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಬೇಕು.

ಒಂದು ಕೊಳವನ್ನು ಕಣ್ಣಮುಂದೆ ಇಟ್ಟುಕೊಂಡು ಲೆಕ್ಕ ಹಾಕೋಣ. ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.4 ಮೀಟರ್. ಅಂದರೆ ಸುಮಾರು 45,000 ಲೀಟರ್ ನೀರು, ನಾಲ್ಕು ಟ್ಯಾಂಕರ್‌ಗೂ ಹೆಚ್ಚು. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.16 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು. ಆ ಪ್ರಕಾರ ಈ ಕೊಳವನ್ನು ಒಂದು ಡಿಗ್ರಿ ಏರಿಸಲು 52 ಯೂನಿಟ್, 21ರಿಂದ 28ಕ್ಕೆ ತರಲು 365 ಯೂನಿಟ್. ದೊಡ್ಡ ಮೊತ್ತವೇ ಸರಿ, ಆದರೆ ಇದು ಒಮ್ಮೆ ಮಾತ್ರ ಆಗುವ ಖರ್ಚು. ಬಿಲ್ಲನ್ನು ನಿರ್ಧರಿಸುವುದು ಏರಿಸುವ ಖರ್ಚಲ್ಲ, ಏರಿದ ನೀರನ್ನು ಅಲ್ಲಿಯೇ ಉಳಿಸುವ ಖರ್ಚು.

ತೆರೆದ ಕೊಳದಿಂದ ಹೋಗುವ ಶಾಖದಲ್ಲಿ ಸುಮಾರು ಶೇ. 70ರಷ್ಟು ಆವಿಯಾಗಿ ಹೋಗುತ್ತದೆ, ಶೇ. 20ರಷ್ಟು ವಿಕಿರಣವಾಗಿ ಆಕಾಶಕ್ಕೆ ಹೋಗುತ್ತದೆ, ಗೋಡೆ ಮತ್ತು ನೆಲಕ್ಕೆ ಸೋರುವುದೂ ಸೇರಿ ಉಳಿದೆಲ್ಲ ಶೇ. 10 ಎಂದು ಅಮೆರಿಕದ ಇಂಧನ ಇಲಾಖೆ ತನ್ನ ಮಾರ್ಗದರ್ಶಿಯಲ್ಲಿ ಹೇಳುತ್ತದೆ. ಮಣ್ಣಿನ ಹೂಜಿ ಬೇಸಿಗೆಯಲ್ಲಿ ನೀರನ್ನು ತಣ್ಣಗಿಡುವುದು ಹೇಗೋ ಕೊಳ ತನ್ನನ್ನು ತಾನು ತಣ್ಣಗಾಗಿಸಿಕೊಳ್ಳುವುದೂ ಹಾಗೆಯೇ: ಮೇಲ್ಮೈಯಿಂದ ಆರಿಹೋಗುವ ಒಂದೊಂದು ಲೀಟರ್ ನೀರೂ ಹಿಂದೆ ಉಳಿದ ನೀರಿನಿಂದ 0.68 ಯೂನಿಟ್ ಶಾಖವನ್ನು ಕಿತ್ತುಕೊಂಡು ಹೋಗುತ್ತದೆ. ನಮ್ಮ ಕೊಳದ ಮೇಲ್ಮೈ 32 ಚದರ ಮೀಟರ್. ನೀರಿನ ಮಟ್ಟ ದಿನಕ್ಕೆ ಬರೀ 5 ಮಿಲಿಮೀಟರ್ ಇಳಿಯಿತು ಎಂದಿಟ್ಟುಕೊಳ್ಳಿ. ಕಣ್ಣಿಗೆ ಬೀಳದಷ್ಟು ಸಣ್ಣ ಇಳಿತ. ಆದರೆ ಅದು 160 ಲೀಟರ್ ನೀರು, 108 ಯೂನಿಟ್ ಶಾಖ. ಬೇರೇನೂ ಬಿಸಿ ಕೊಡದಿದ್ದರೆ ಕೊಳ ಒಂದೇ ದಿನದಲ್ಲಿ ಎರಡು ಡಿಗ್ರಿ ಇಳಿಯುವಷ್ಟು.

ಗಾಳಿ ಬೀಸಿದರೆ ಈ ಲೆಕ್ಕ ಹದಗೆಡುತ್ತದೆ. ನೀರಿಗೆ ತಾಗಿದ ತೇವದ ಗಾಳಿಯ ಪದರನ್ನು ಅದು ಒರೆಸಿಕೊಂಡು ಹೋಗಿ ಒಣ ಗಾಳಿಯನ್ನು ತಂದು ಕೂರಿಸುತ್ತದೆ. ನೀರಿನ ಮೇಲೆ ಗಂಟೆಗೆ 11 ಕಿಲೋಮೀಟರ್ ವೇಗದ ಗಾಳಿ ಆಡಿದರೆ ಶಕ್ತಿಯ ಬಳಕೆ ಶೇ. 300ರಷ್ಟು ಹೆಚ್ಚಬಹುದೆಂದು ಅದೇ ಇಲಾಖೆ ಎಚ್ಚರಿಸುತ್ತದೆ. 11 ಕಿಲೋಮೀಟರ್ ಎಂದರೆ ಎಲೆಗಳು ಒಂದೇ ಸಮನೆ ಅಲುಗಾಡುವಷ್ಟು, ಅಷ್ಟೆ. ದಖ್ಖನ್ ಪ್ರಸ್ಥಭೂಮಿಯ ಚಳಿಗಾಲದಲ್ಲಿ ಪೂರ್ವದ ಒಣಗಾಳಿ ಸಾಮಾನ್ಯ. ಇನ್ನೊಂದು ಕಡೆ, ಮೋಡವಿಲ್ಲದ ರಾತ್ರಿಯಲ್ಲಿ ಬೆಚ್ಚನೆಯ ನೀರು ತಣ್ಣನೆಯ ಆಕಾಶಕ್ಕೆ ತನ್ನ ಶಾಖವನ್ನು ಸೂಸುತ್ತಲೇ ಇರುತ್ತದೆ. ಹಗಲಿಡೀ ಹೀಟರ್ ಗಳಿಸಿದ್ದನ್ನು ರಾತ್ರಿ ಹೀಗೆ ಕಳೆಯುತ್ತಾ ಹೋದರೆ ಎಷ್ಟು ದೊಡ್ಡ ಯಂತ್ರ ತಂದರೂ ಸಾಲದು.

ಆದ್ದರಿಂದ ಮೊದಲ ಖರ್ಚು ಹೊದಿಕೆಯ ಮೇಲಾಗಬೇಕು. ಕೊಳ ಬಳಸದ ಹೊತ್ತಿನಲ್ಲಿ ಅದನ್ನು ಮುಚ್ಚಿಟ್ಟರೆ ಕಾಯಿಸುವ ಖರ್ಚು ಶೇ. 50ರಿಂದ 70ರಷ್ಟು ಇಳಿಯುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ. ನೋಡಲು ಪಾರ್ಸೆಲ್ ಸುತ್ತುವ ಹಾಳೆಯ ಹಾಗಿದ್ದರೂ 400–500 ಮೈಕ್ರಾನ್ ದಪ್ಪವಿದ್ದು, ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಸಂಸ್ಕರಣೆ ಪಡೆದಿರುತ್ತದೆ. ಗುಳ್ಳೆಗಳ ಬದಿ ನೀರಿಗೆ ಮುಖ ಮಾಡಿರಬೇಕು. ತಿಳಿಯಾದ, ಅರೆಪಾರದರ್ಶಕವಾದ ಹಾಳೆ ಹಗಲಿನಲ್ಲಿ ಬಿಸಿಲನ್ನು ನೀರಿಗೆ ಬಿಡುತ್ತದೆ. ಕಡುಬಣ್ಣದ ಹಾಳೆ ತಾನೇ ಕಾದು ಮೇಲಿನ ಪದರನ್ನಷ್ಟೇ ಬೆಚ್ಚಗೆ ಮಾಡುತ್ತದೆ, ಆಳಕ್ಕೆ ಬಿಸಿಲು ಇಳಿಯಗೊಡುವುದಿಲ್ಲ. ಕ್ಲೋರಿನ್ ವಿಪರೀತ ಇರುವ ನೀರಿನ ಮೇಲೆ ಬಿದ್ದುಕೊಂಡ ಹಾಳೆಯ ಗುಳ್ಳೆಗಳು ಬೇಗ ಉದುರಲು ಶುರುವಾಗುತ್ತವೆ. ಕ್ಲೋರಿನ್ ಹೆಚ್ಚಾಗಿ ಸುರಿದ ದಿನ ನೀರು ಹದಕ್ಕೆ ಬರುವವರೆಗೆ ಹೊದಿಕೆ ತೆಗೆದಿಡಬೇಕು.

ಹೊದಿಕೆ ಕೊಂಡವರಲ್ಲಿ ಅನೇಕರು ಬಳಸದೆ ಬಿಡುವುದಕ್ಕೆ ಕಾರಣ ಬೇರೆ. 32 ಚದರ ಮೀಟರ್‌ನ ಒದ್ದೆ ಹಾಳೆಯನ್ನು ಒಬ್ಬರೇ ಎಳೆದು ಮಡಚುವುದು ಆಗದ ಕೆಲಸ. ಕೊಳದ ತುದಿಯಲ್ಲಿ ಕೈಯಿಂದ ತಿರುಗಿಸುವ ರೋಲರ್ ಇದ್ದರೆ ಎರಡು ನಿಮಿಷದಲ್ಲಿ ಸುತ್ತಿಡಬಹುದು. ರೋಲರ್ ಇಲ್ಲದೆ ಕೊಂಡ ಹೊದಿಕೆ ಕೆಲವೇ ವಾರಗಳಲ್ಲಿ ಗೋಡೆ ಬದಿಗೆ ಸೇರುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಕೊಳ್ಳುವುದು ಜಾಣತನ. ನೀರಿನ ಮೇಲೆ ಕಣ್ಣಿಗೆ ಕಾಣದ ತೆಳುಪದರವಾಗಿ ಹರಡುವ ದ್ರವದ ಹೊದಿಕೆಯೂ ಮಾರುಕಟ್ಟೆಯಲ್ಲಿದೆ. ಆವಿಯಾಗುವುದನ್ನು ಅದು ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ಗಾಳಿ ಎದ್ದರೆ ಪದರು ಒಡೆದುಹೋಗುತ್ತದೆ. ಅಡ್ಡಾದಿಡ್ಡಿ ಆಕಾರದ ಕೊಳವಾಗಿ ಹಾಳೆ ಕೂರದಿದ್ದಾಗ ಮಾತ್ರ ಅದನ್ನು ಯೋಚಿಸಬಹುದು.

ಒಂದು ವಿಷಯದಲ್ಲಿ ರಾಜಿಯೇ ಬೇಡ. ತೇಲುವ ಹಾಳೆ ಸುರಕ್ಷತೆಯ ಹೊದಿಕೆಯಲ್ಲ. ಅದರ ಮೇಲೆ ಕಾಲಿಟ್ಟ ಮಗು ಹಾಳೆಯ ಸಮೇತ ಒಳಗೆ ಇಳಿಯುತ್ತದೆ, ಮೇಲಿನಿಂದ ನೋಡುವವರಿಗೆ ಕಾಣುವುದೂ ಇಲ್ಲ. ಅರ್ಧ ಸುತ್ತಿಟ್ಟು ಉಳಿದರ್ಧದಲ್ಲಿ ಈಜುವುದು ಇನ್ನೂ ಅಪಾಯ. ಹಾಳೆಯ ಕೆಳಗೆ ಹೋದವರು ಗಾಬರಿಯಲ್ಲಿ ದಾರಿ ತಪ್ಪುತ್ತಾರೆ. ಇಳಿಯುವ ಮುನ್ನ ಪೂರ್ತಿ ತೆಗೆಯಬೇಕು, ಮಕ್ಕಳಿರುವ ಮನೆಯಲ್ಲಿ ಕೊಳದ ಸುತ್ತ ಬೇಲಿ ಮತ್ತು ತಾನೇ ಮುಚ್ಚಿಕೊಳ್ಳುವ ಗೇಟು ಇರಲೇಬೇಕು.

ಹೊದಿಕೆ ಉಳಿಸುವುದು ಬಿಸಿಯನ್ನಷ್ಟೇ ಅಲ್ಲ. 2024ರ ಬೇಸಿಗೆಯ ಬರಗಾಲ ಬೆಂಗಳೂರಿಗೆ ನೆನಪಿದೆ. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗಾಗಿ ಕಾದು ಕುಳಿತ ಬಡಾವಣೆಗಳ ನಡುವೆ ಒಂದು ಮನೆಯ ಕೊಳದಿಂದ ದಿನಕ್ಕೆ 160 ಲೀಟರ್ ಗಾಳಿಗೆ ಹೋಗುತ್ತಿದ್ದರೆ ಅದನ್ನು ಒಪ್ಪಿಕೊಳ್ಳಲು ನನ್ನಿಂದ ಆಗದು. ತಿಂಗಳಿಗೆ ಅದು 4,800 ಲೀಟರ್. ಆವಿಯಾಗುವ ನೀರನ್ನು ಹಿಡಿದರೆ ಶಾಖವೂ ಅದರ ಜೊತೆಗೆ ಉಳಿಯುತ್ತದೆ. ನೀರನ್ನು ಪೋಲು ಮಾಡುತ್ತಾ ಹೀಟರ್ ಓಡಿಸುವವರು ಒಂದೇ ತಪ್ಪಿಗೆ ಎರಡು ಕಡೆ ಬೆಲೆ ತೆರುತ್ತಿರುತ್ತಾರೆ.

ಎರಡನೆಯ ಮಾತು ಬಿಸಿಲಿನದು. ಮನೆಯ ಅತಿ ದೊಡ್ಡ ಸೌರಫಲಕ ಕೊಳವೇ. ಬೆಂಗಳೂರಿನಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಯೂನಿಟ್ ಬಿಸಿಲು ಬೀಳುತ್ತದೆ. ನೆರಳಿಲ್ಲದಿದ್ದರೆ 32 ಚದರ ಮೀಟರಿಗೆ 160 ಯೂನಿಟ್, ಅದರ ಬಹುಪಾಲನ್ನು ನೀರು ಹೀರಿಕೊಳ್ಳುತ್ತದೆ. ಇಷ್ಟು ಗಳಿಸಿಯೂ ನೀರು 21ರಲ್ಲಿ ನಿಲ್ಲುತ್ತದೆಂದರೆ ಒಂದೋ ಗಳಿಸಿದ್ದು ರಾತ್ರಿ ಖಾಲಿಯಾಗುತ್ತಿದೆ, ಇಲ್ಲವೇ ಕೊಳ ನೆರಳಿನಲ್ಲಿದೆ. ನಮ್ಮ ಊರುಗಳಲ್ಲಿ ನೆರಳಿನ ಪಾಲು ದೊಡ್ಡದು. ವಾಸ್ತು ನೋಡಿ ಕಟ್ಟಿದ ಮನೆಗಳಲ್ಲಿ ನೀರಿನ ಜಾಗ ಈಶಾನ್ಯ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ 54 ಡಿಗ್ರಿಯಷ್ಟೇ ಮೇಲಿರುತ್ತಾನೆ. 10 ಮೀಟರ್ ಎತ್ತರದ ಮನೆಯ ನೆರಳು ಆ ಹೊತ್ತಿಗೆ ಉತ್ತರದ ಕಡೆಗೆ ಏಳು ಮೀಟರಿಗೂ ಹೆಚ್ಚು ಚಾಚುತ್ತದೆ, ಮಧ್ಯಾಹ್ನ ಇಳಿದಂತೆ ಈಶಾನ್ಯದತ್ತ ಉದ್ದವಾಗುತ್ತದೆ. ಹಾಗಾಗಿ ಈಶಾನ್ಯದ ಕೊಳಕ್ಕೆ ಬೆಳಗಿನ ಎಳೆಬಿಸಿಲು ಸಿಕ್ಕರೂ ಖಾರವಾದ ಬಿಸಿಲು ಸಿಗುವುದಿಲ್ಲ. ನಂಬಿಕೆಯಿರುವವರು ಆ ಮೂಲೆಯನ್ನು ಬಿಡಬೇಕಿಲ್ಲ. ಮನೆಯ ಗೋಡೆಯಿಂದ ಕೊಳವನ್ನು ಸಾಧ್ಯವಾದಷ್ಟು ದೂರ ಸರಿಸುವುದು, ಆ ಬದಿಯಲ್ಲಿ ಮಹಡಿಯನ್ನು ತಗ್ಗಿಸುವುದು ವಾಸ್ತುಶಿಲ್ಪಿ ನಕ್ಷೆ ಬರೆಯುವಾಗಲೇ ಆಗುವ ಕೆಲಸ. ತೆಂಗು, ಮಾವಿನ ನೆರಳೂ ಹೀಗೆಯೇ. ಗಾಳಿ ತಡೆಯಲು ಪೂರ್ವಕ್ಕೆ ಗಿಡಗಳ ಸಾಲು ಬೇಕು, ಬಿಸಿಲಿಗಾಗಿ ದಕ್ಷಿಣ ಬಯಲಾಗಿರಬೇಕು. ಒಳ್ಳೆಯ ಬಿಸಿಲು ಬೀಳುವ ಕೊಳಕ್ಕೆ ರಾತ್ರಿ ಹೊದಿಕೆಯೊಂದನ್ನು ಕೊಟ್ಟರೆ ಹೀಟರ್‌ಗೆ ಉಳಿಯುವ ಕೆಲಸ ಅಚ್ಚರಿಪಡುವಷ್ಟು ಸಣ್ಣದು.

ಉಳಿದ ಕೊರತೆಯನ್ನು ತುಂಬಲು ಚಾವಣಿಯತ್ತ ನೋಡಬೇಕು. ಸೋಲಾರ್ ವಾಟರ್ ಹೀಟರ್ ನಮ್ಮವರಿಗೆ ಹೊಸದಲ್ಲ. 2007ರಿಂದ ರಾಜ್ಯದಲ್ಲಿ ಒಂದು ಅಳತೆ ಮೀರಿದ ಹೊಸ ಮನೆಗಳಿಗೆ ಅದು ಕಡ್ಡಾಯವಾಗಿ, ಬೆಂಗಳೂರಿನ ತಾರಸಿಗಳ ಚಹರೆಯೇ ಅದರಿಂದ ಬದಲಾಗಿದೆ. ಆದರೆ ಸ್ನಾನಕ್ಕೆ ನೀರು ಕಾಯಿಸುವ ಗಾಜಿನ ಕೊಳವೆಗಳ ವ್ಯವಸ್ಥೆಯನ್ನೇ ಹಿಗ್ಗಿಸಿ ಕೊಳಕ್ಕೆ ಜೋಡಿಸುವುದು ಅನಗತ್ಯ ದುಬಾರಿ. ಸ್ನಾನಕ್ಕೆ 60 ಡಿಗ್ರಿ ಬೇಕು. ಅಷ್ಟು ಬಿಸಿಯಾದ ನೀರು ಸುತ್ತಲಿನ ಗಾಳಿಗೆ ಶಾಖ ಕಳೆಯದಂತೆ ಗಾಜಿನ ರಕ್ಷಣೆ ಬೇಕು. ಕೊಳಕ್ಕೆ ಬೇಕಾದದ್ದು 28. ಹಗಲಿನ ಗಾಳಿಯೇ 26–27 ಇರುವಾಗ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲ. ಗಾಜಿಲ್ಲದ, ಕಪ್ಪು ಪಾಲಿಪ್ರೊಪಿಲೀನ್ ಅಥವಾ ರಬ್ಬರಿನ ಸಣ್ಣ ಕೊಳವೆಗಳ ಚಾಪೆ ಸಾಕು. ಕೊಳದ ಪಂಪೇ ನೀರನ್ನು ಮೇಲಕ್ಕೆ ಒತ್ತುತ್ತದೆ, ಚಾಪೆಯಲ್ಲಿ ಹರಿದು ಒಂದೆರಡು ಡಿಗ್ರಿ ಏರಿ ನೀರು ವಾಪಸ್ಸು ಬರುತ್ತದೆ. ಇಷ್ಟೇನಾ ಎಂದು ಅನಿಸಬಹುದು. ಕೊಳದ ಸೋಲಾರ್ ಹೀಗೆಯೇ ಕೆಲಸ ಮಾಡಬೇಕು: ಸ್ವಲ್ಪ ನೀರನ್ನು ಕುದಿಸುವುದಲ್ಲ, ಬಹಳ ನೀರನ್ನು ಸ್ವಲ್ಪ ಸ್ವಲ್ಪ ಏರಿಸುತ್ತಾ ದಿನವಿಡೀ ತಿರುಗಿಸುವುದು.

ಚಾಪೆಯ ಹರವು ಕೊಳದ ಮೇಲ್ಮೈಯ ಅರ್ಧದಿಂದ ಪೂರ್ತಿಯಷ್ಟು ಇರಬೇಕೆಂಬುದು ಬಳಕೆಯ ಲೆಕ್ಕ. ನಮ್ಮ ಕೊಳಕ್ಕೆ 20 ಚದರ ಮೀಟರ್ ಹಾಕಿ, ಬಿದ್ದ ಬಿಸಿಲಿನ ಅರ್ಧವಾದರೂ ನೀರಿಗೆ ಸೇರಿತೆಂದರೆ ದಿನಕ್ಕೆ 50 ಯೂನಿಟ್. ಹೊದಿಸಿದ ಕೊಳದ ಕೊರತೆಯನ್ನು ಮಾಮೂಲಿ ಚಳಿಗಾಲದ ದಿನದಲ್ಲಿ ಇಷ್ಟರಿಂದಲೇ ತುಂಬಬಹುದು. ದಕ್ಷಿಣಕ್ಕೆ ಮುಖ ಮಾಡಿ 25 ಡಿಗ್ರಿಯ ಆಸುಪಾಸು ವಾಲಿಸಿದರೆ ಚಳಿಗಾಲದ ತಗ್ಗು ಬಿಸಿಲು ನೇರವಾಗಿ ಸಿಗುತ್ತದೆ. ಚಾಪೆ ಕೊಳಕ್ಕಿಂತ ಬಿಸಿಯಾಗಿದ್ದಾಗ ಮಾತ್ರ ನೀರು ಮೇಲೇರುವಂತೆ ಸಂವೇದಕ ಮತ್ತು ವಾಲ್ವ್ ಇರಲೇಬೇಕು. ಅದಿಲ್ಲದೆ ರಾತ್ರಿ ಪಂಪು ಓಡಿದರೆ ಅದೇ ಚಾಪೆ ಕೊಳವನ್ನು ತಣ್ಣಗಾಗಿಸುತ್ತದೆ.

ಚಾವಣಿಯಲ್ಲಿ ಜಾಗವಿಲ್ಲದವರಿಗೆ, ಮೋಡದ ವಾರದಲ್ಲೂ ಮೊಮ್ಮಕ್ಕಳು ಈಜಲೇಬೇಕೆನ್ನುವವರಿಗೆ ಹೀಟ್ ಪಂಪ್ ಇದೆ. ಇದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ನೀರಿಗೆ ತಲುಪಿಸುತ್ತದೆ. ರೆಫ್ರಿಜರೇಟರ್ ಒಳಗಿನ ಬಿಸಿಯನ್ನು ಹಿಂಬದಿಗೆ ದಾಟಿಸುವ ತತ್ತ್ವವೇ ಇಲ್ಲೂ ಇದೆ. ಒಂದು ಯೂನಿಟ್ ವಿದ್ಯುತ್ ತಿಂದು ಮೂರರಿಂದ ಏಳು ಯೂನಿಟ್ ಶಾಖ ಕೊಡುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ ಈ ಪ್ರಮಾಣ ಹೆಚ್ಚು. 10 ಡಿಗ್ರಿಗಿಂತ ಕೆಳಗೆ ಹೋದರೆ ಕುಗ್ಗುತ್ತದೆ. ದೆಹಲಿಯ ಜನವರಿ ರಾತ್ರಿಯಲ್ಲಿ ಒದ್ದಾಡುವ ಯಂತ್ರ ಬೆಂಗಳೂರಿನ ಮಧ್ಯಾಹ್ನದಲ್ಲಿ ಹಗುರವಾಗಿ ಓಡುತ್ತದೆ. ಇಲ್ಲಿನ ಹವೆಗೆ ಇಷ್ಟು ಒಪ್ಪುವ ಇನ್ನೊಂದು ಯಂತ್ರ ನನಗೆ ಕಾಣುವುದಿಲ್ಲ. ಆದರೆ ಬಹಳ ಮನೆಗಳಲ್ಲಿ ಬೆಳಿಗ್ಗೆ ಆರಕ್ಕೆ ಈಜಲು ಬೆಚ್ಚಗಿರಲಿ ಎಂದು ರಾತ್ರಿಯಿಡೀ ಓಡಿಸುತ್ತಾರೆ. ಗಾಳಿ 16 ಡಿಗ್ರಿ ಇರುವ ಹೊತ್ತಿನಲ್ಲಿ ದುಡಿಸುವ ಬದಲು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಓಡಿಸಿ, ಐದಕ್ಕೆ ಹೊದಿಸಿದರೆ ಮರುದಿನ ಬೆಳಿಗ್ಗೆಯೂ ನೀರು ಹೆಚ್ಚು ಇಳಿದಿರುವುದಿಲ್ಲ. 45,000 ಲೀಟರ್ ನೀರು ತನ್ನ ಬಿಸಿಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಚಾವಣಿಯಲ್ಲಿ ಸೋಲಾರ್ ವಿದ್ಯುತ್ ಫಲಕಗಳಿದ್ದರೆ ಅವು ದುಡಿಯುವುದೂ ಇದೇ ಹೊತ್ತಿನಲ್ಲಿ.

ದುಡ್ಡಿನ ಲೆಕ್ಕ ಹೀಗಾಗುತ್ತದೆ. ಬಿಸಿಲು ಕೊಟ್ಟದ್ದು ಹೋಗಿ ಹೊದಿಸಿದ ಕೊಳಕ್ಕೆ ದಿನಕ್ಕೆ 50 ಯೂನಿಟ್ ಶಾಖದ ಕೊರತೆ, ವಿದ್ಯುತ್ ಯೂನಿಟ್‌ಗೆ ತೆರಿಗೆಯೆಲ್ಲ ಸೇರಿ 7 ರೂಪಾಯಿ ಎಂದು ಇಟ್ಟುಕೊಳ್ಳೋಣ. ಒಂದಕ್ಕೆ ಐದು ಕೊಡುವ ಹೀಟ್ ಪಂಪ್‌ಗೆ ದಿನಕ್ಕೆ 10 ಯೂನಿಟ್, 70 ರೂಪಾಯಿ, ತಿಂಗಳಿಗೆ 2,100. ಗೀಸರ್‌ನಂತೆ ಕಾಯಿಲ್‌ನಿಂದ ಕಾಯಿಸುವ ವಿದ್ಯುತ್ ಹೀಟರ್‌ಗೆ 50 ಯೂನಿಟ್ಟೂ ಬೇಕು, ತಿಂಗಳಿಗೆ 10,500. ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಇಡೀ ತಿಂಗಳಿಗೆ ಉಚಿತವಾಗಿ ಸಿಗುವ ಗರಿಷ್ಠ 200 ಯೂನಿಟ್ಟನ್ನು ಅದು ನಾಲ್ಕೇ ದಿನದಲ್ಲಿ ಮುಗಿಸುತ್ತದೆ. ಹೊರಾಂಗಣ ಕೊಳಕ್ಕೆ ಕಾಯಿಲ್ ಹೀಟರ್ ಬೇಡವೇ ಬೇಡ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಗ್ಯಾಸ್ ಹೀಟರ್‌ನ ಒಂದೇ ಗುಣ ವೇಗ. ಹೊರಗೆ ಎಷ್ಟೇ ಚಳಿಯಿದ್ದರೂ ಕೆಲವೇ ಗಂಟೆಗಳಲ್ಲಿ ನೀರನ್ನು ಏರಿಸುತ್ತದೆ, ವಾರಾಂತ್ಯಕ್ಕಷ್ಟೇ ಹೋಗುವ ತೋಟದ ಮನೆಗೆ ಇದು ಹೊಂದಬಹುದು. ಆದರೆ ಅದೇ 50 ಯೂನಿಟ್ ಶಾಖಕ್ಕೆ ದಿನಕ್ಕೆ ನಾಲ್ಕೂವರೆ ಕಿಲೋಗೂ ಹೆಚ್ಚು ಎಲ್‌ಪಿಜಿ ಬೇಕು. 19 ಕಿಲೋದ ವಾಣಿಜ್ಯ ಸಿಲಿಂಡರ್ ನಾಲ್ಕು ದಿನಕ್ಕೆ ಬರುತ್ತದೆ. ಅಡುಗೆಗೆಂದು ಕೊಡುವ 14.2 ಕಿಲೋ ಸಿಲಿಂಡರನ್ನು ಇದಕ್ಕೆ ಜೋಡಿಸುವುದು ಸಲ್ಲದು. ಸೌದೆ ಬಾಯ್ಲರ್‌ಗಳನ್ನೂ ಕೆಲವು ರೆಸಾರ್ಟ್‌ಗಳಲ್ಲಿ ನೋಡಬಹುದು, ಅಕ್ಕಪಕ್ಕ ಮನೆಗಳಿರುವಲ್ಲಿ ಅದರ ಹೊಗೆಯನ್ನು ಯಾರ ಮೇಲೂ ಹೇರಬಾರದು.

ನೀರು ಮತ್ತು ವಿದ್ಯುತ್ ಒಂದೆಡೆ ಸೇರುವ ಕೆಲಸವಿದು. ಬೆಂಗಳೂರಿನಲ್ಲಿ ಕೊಳದ ನೀರಿಗೆ ವಿದ್ಯುತ್ ಹರಿದು ಮಗು ಪ್ರಾಣ ಕಳೆದುಕೊಂಡ ಪ್ರಕರಣ ನಡೆದಿದೆ. ಪಂಪು, ಹೀಟರ್, ನೀರೊಳಗಿನ ದೀಪ ಎಲ್ಲದಕ್ಕೂ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿತಗೊಳಿಸುವ ಆರ್‌ಸಿಸಿಬಿ ಸ್ವಿಚ್ಚು ಬೇಕು, ಸರಿಯಾದ ಅರ್ಥಿಂಗ್ ಬೇಕು, ಏಣಿಯೂ ಹಿಡಿಗಂಬಿಯೂ ಸೇರಿದಂತೆ ಕೊಳದ ಸುತ್ತಲಿನ ಲೋಹವನ್ನೆಲ್ಲ ತಂತಿಯಿಂದ ಒಂದಕ್ಕೊಂದು ಬೆಸೆದಿರಬೇಕು. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಬಕೆಟ್ ನೀರಿಗೆ ಹಾಕುವ ಇಮ್ಮರ್ಷನ್ ರಾಡನ್ನು ಮಕ್ಕಳ ಪ್ಲಾಸ್ಟಿಕ್ ಕೊಳಕ್ಕೂ ಇಳಿಬಿಡಬಾರದು.

ನೀರು ಬೆಚ್ಚಗಾದರೆ ಅದರ ಗುಣವೂ ಬದಲಾಗುತ್ತದೆ. ಕ್ಲೋರಿನ್ ಬೇಗ ಖಾಲಿಯಾಗುತ್ತದೆ, ಪಾಚಿ ಬೇಗ ಬೆಳೆಯುತ್ತದೆ. ಚಳಿಗಾಲದಲ್ಲಿ ಕಡಿಮೆ ಹಾಕಿದರೂ ನಡೆಯುತ್ತದೆಂಬ ರೂಢಿ ತಣ್ಣನೆಯ ಕೊಳಕ್ಕೆ ಸರಿ, ಕಾಯಿಸಿದ ಕೊಳಕ್ಕಲ್ಲ. 2024 ಮತ್ತು 2025ರಲ್ಲಿ ಕೇರಳವನ್ನು ಕಾಡಿದ ಅಮೀಬಾ ಮಿದುಳುಜ್ವರದ ಸುದ್ದಿ ಓದಿದವರಿಗೆ ಬೆಚ್ಚನೆಯ, ಸರಿಯಾಗಿ ಕ್ಲೋರಿನ್ ಇಲ್ಲದ ನೀರು ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಬೋರ್‌ವೆಲ್ ನೀರಿನ ಇನ್ನೊಂದು ಸಮಸ್ಯೆ ಗಡಸುತನ. ಸುಣ್ಣದ ಅಂಶ ಬಿಸಿಯಾದಷ್ಟೂ ಕರಗಿರಲಾರದೆ ಹೊರಬಿದ್ದು ಹೀಟರ್‌ನ ಒಳಗೋಡೆಗೆ ಪದರು ಕಟ್ಟುತ್ತದೆ; ಗೀಸರ್ ಕಾಯಿಲ್ ಬಿಚ್ಚಿ ನೋಡಿದವರೆಲ್ಲ ಆ ಬಿಳಿಯ ಚಕ್ಕೆಗಳನ್ನು ಕಂಡಿರುತ್ತಾರೆ. ಪದರು ಕಟ್ಟಿದ ಯಂತ್ರ ಹೆಚ್ಚು ವಿದ್ಯುತ್ ತಿಂದು ಕಡಿಮೆ ಬಿಸಿ ಕೊಡುತ್ತದೆ. ಪಿಎಚ್ 7.2ರಿಂದ 7.8ರೊಳಗೆ ಇರಲಿ. ಅದಕ್ಕಿಂತ ಇಳಿದರೆ ಆಮ್ಲೀಯ ನೀರು ತಾಮ್ರವನ್ನು ತಿನ್ನುತ್ತದೆ. ಒಳ್ಳೆಯ ಹೀಟ್ ಪಂಪ್‌ಗಳಲ್ಲಿ ನೀರು ತಾಗುವ ಕೊಳವೆಯನ್ನು ಟೈಟಾನಿಯಂನಿಂದ ಮಾಡುವುದು ಇದಕ್ಕಾಗಿಯೇ. ಕೊಳ್ಳುವಾಗ ಕೇಳಿ ತಿಳಿದುಕೊಳ್ಳಬೇಕು. ಕ್ಲೋರಿನ್ ಸೇರಿಸುವ ಯಂತ್ರ ಹೀಟರ್ ದಾಟಿದ ಮೇಲೆ ಇರಬೇಕು, ಮೊದಲಲ್ಲ.

ಇಷ್ಟೆಲ್ಲ ಹೇಳಿದ್ದು ಬೆಂಗಳೂರು, ಮೈಸೂರಿನ ಹವೆಗೆ. ಮಂಗಳೂರು, ಉಡುಪಿಯಲ್ಲಿ ಜನವರಿ ರಾತ್ರಿಯೂ 20–21ಕ್ಕಿಂತ ಅಷ್ಟಾಗಿ ಇಳಿಯದು, ಹಗಲು 32 ದಾಟುತ್ತದೆ. ಅಲ್ಲಿ ಹೊದಿಕೆಯೊಂದಿದ್ದರೆ ಹೀಟರ್‌ನ ಮಾತೇ ಬೇಡ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ಬಂದರೆ ಕೊಳವನ್ನು ತಂಪಾಗಿಸುವುದೇ ಚಿಂತೆ, ಎರಡೂ ಕೆಲಸ ಮಾಡುವ ಹೀಟ್ ಪಂಪ್ ಅಂಥಲ್ಲಿ ಸಾರ್ಥಕ. ಮಡಿಕೇರಿ, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ ಮಂಜು, ನೆರಳು, ಚಳಿ ಮೂರೂ ಇರುವುದರಿಂದ ತೆರೆದ ಕೊಳವನ್ನು ಚಳಿಗಾಲವಿಡೀ ಬೆಚ್ಚಗಿಡುವ ಹಟ ದುಬಾರಿಯಾಗುತ್ತದೆ. ನ್ಯೂಜೆರ್ಸಿಯಲ್ಲಿ ಮನೆ ಮಾಡಿರುವ ಕನ್ನಡಿಗರು ಸೆಪ್ಟೆಂಬರ್ ಕಳೆದ ಮೇಲೆ ಕೊಳವೆಗಳ ನೀರು ಬಸಿದು, ಕೊಳ ಮುಚ್ಚಿ, ಮೇ ತಿಂಗಳವರೆಗೆ ಆ ಕಡೆ ನೋಡುವುದಿಲ್ಲ. ಅಲ್ಲಿ ಹೀಟರ್ ಇರುವುದು ಋತುವಿನ ಎರಡು ತುದಿಗೆ ಕೆಲವು ವಾರ ಸೇರಿಸಿಕೊಳ್ಳಲು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವವರ ಪರಿಸ್ಥಿತಿ ನಮಗೆ ಹತ್ತಿರ, ಅಲ್ಲಿನ ಒಂದು ಕಾನೂನೂ ನಮಗೆ ಬೇಕಾದದ್ದು. ಹೀಟ್ ಪಂಪ್ ಅಥವಾ ಗ್ಯಾಸ್ ಹೀಟರ್ ಹಾಕಿದ ಹೊರಾಂಗಣ ಕೊಳಕ್ಕೆ ಹೊದಿಕೆ ಇರಲೇಬೇಕೆಂದು ಆ ರಾಜ್ಯದ ಕಟ್ಟಡ ನಿಯಮ ಹೇಳುತ್ತದೆ.

ಒಬ್ಬರ ಮನೆಯ ಕೊಳ ಊರಿನ ವಿಷಯ ಯಾಕಾಗಬೇಕು ಎಂದು ಕೇಳುವವರಿದ್ದಾರೆ. ರೋಮ್ ನಗರದಲ್ಲಿ ಬಿಸಿನೀರಿನ ಈಜುಕೊಳ ಮೊದಲು ಕಟ್ಟಿಸಿದವನು ಮೆಸೀನಸ್ ಎಂಬ ಸಿರಿವಂತ ಎಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ಎರಡು ಸಾವಿರ ವರ್ಷಗಳ ಹಿಂದೆಯೂ ಅದು ಸಿರಿಯ ಗುರುತು. ಸಿರಿಯೆಂಬ ಕಾರಣಕ್ಕೇ ಬಿಕ್ಕಟ್ಟು ಬಂದಾಗ ಮೊದಲು ಕಣ್ಣು ಬೀಳುವುದೂ ಅದರ ಮೇಲೆ. ರಷ್ಯಾದ ಅನಿಲ ನಿಂತುಹೋದ 2022ರಲ್ಲಿ ಜರ್ಮನಿ ಸೆಪ್ಟೆಂಬರ್ 1ರಿಂದ ಖಾಸಗಿ ಕೊಳಗಳನ್ನು ಅನಿಲ ಅಥವಾ ಗ್ರಿಡ್ ವಿದ್ಯುತ್ತಿನಿಂದ ಕಾಯಿಸುವುದನ್ನು ನಿಷೇಧಿಸಿತು. 2023ರಲ್ಲಿ ಇಂಗ್ಲೆಂಡಿನ ಎಕ್ಸ್‌ಮತ್ ಊರಿನ ಸಾರ್ವಜನಿಕ ಕೊಳದವರು ಖರ್ಚು ತಾಳಲಾರದೆ, ಸಣ್ಣದೊಂದು ಡೇಟಾ ಸೆಂಟರ್‌ನ ಕಂಪ್ಯೂಟರ್‌ಗಳು ಹೊರಹಾಕುವ ಶಾಖವನ್ನೇ ನೀರಿಗೆ ತಿರುಗಿಸಿಕೊಂಡರು. ಬೆಂಗಳೂರಿನಂಥ ಊರಿನಲ್ಲಿ ಕಂಪ್ಯೂಟರ್‌ಗಳ ಬಿಸಿಗೆ ಕೊರತೆಯಿಲ್ಲ. ನಗರದ ಕ್ರೀಡಾಂಗಣದ ಕೊಳಗಳಿಗೆ, ಚಳಿಗಾಲದಲ್ಲೂ ಅಭ್ಯಾಸ ಬಿಡದ ಮಕ್ಕಳಿಗೆ ಅದು ಸಿಗುವಂತಾಗಬೇಕು ಎಂಬುದು ನನ್ನ ಹಂಬಲ. ನಿಷೇಧದವರೆಗೆ ಕಾಯುವ ಬದಲು, ನಕ್ಷೆಗೆ ಮಂಜೂರಾತಿ ಕೊಡುವಾಗಲೇ ಹೊದಿಕೆ ಮತ್ತು ಸೋಲಾರ್ ಇಲ್ಲದ ಬಿಸಿನೀರಿನ ಕೊಳಕ್ಕೆ ಅನುಮತಿ ಇಲ್ಲ ಎಂದು ನಮ್ಮ ಪಾಲಿಕೆಗಳು ಹೇಳಬೇಕು. ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿ ಗೆದ್ದ ರಾಜ್ಯಕ್ಕೆ ಇದು ಅಸಾಧ್ಯವಲ್ಲ.

ಈಗಾಗಲೇ ಕೊಳ ಇರುವವರು ಏನಾದರೂ ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಬಹುದು. ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ, ಕೊಳದ ಮೊದಲ ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಡಿ. ಬಕೆಟ್ಟಿನ ಒಳಗೆ ನೀರಿನ ಮಟ್ಟವನ್ನೂ ಹೊರಗೆ ಕೊಳದ ಮಟ್ಟವನ್ನೂ ಗುರುತು ಮಾಡಿ, ಪಂಪು ನಿಲ್ಲಿಸಿ ಒಂದು ದಿನ ಬಿಡಿ. ಎರಡೂ ಸಮನಾಗಿ ಇಳಿದಿದ್ದರೆ ಹೋದದ್ದೆಲ್ಲ ಆವಿ, ಹೊದಿಕೆ ತರಿಸಿ. ಕೊಳ ಹೆಚ್ಚು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಟೈಲ್ಸ್ ಸಂದು, ಕೊಳವೆಯ ಜೋಡಣೆ, ದೀಪದ ಗೂಡು ಇವನ್ನು ಮೊದಲು ನೋಡಿಸಿ. ಸೋರುವ ಕೊಳಕ್ಕೆ ಹೀಟರ್ ಹಾಕಿಸಿದರೆ ಕಾಯಿಸಿದ ನೀರು ನೆಲದಡಿ ಹೋಗುತ್ತಲೇ ಇರುತ್ತದೆ, ಅದರ ಜಾಗಕ್ಕೆ ಸಂಪಿನ ತಣ್ಣೀರು ಬರುತ್ತಲೇ ಇರುತ್ತದೆ.